ಈರಜ್ಜಿಯ ಕಂಬಳಿ, ನನ್ನ ಜಾಡಿ

ನನ್ನ ಹೆಸರು ತಿಪ್ಪಮ್ಮ. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಹೊಕ್ಕುಳಿಗೆ ನಂಜಾಗಿ ಹತ್ತು ದಿನ ತುಂಬುವ ಮೊದಲೇ ಹೋದವಂತೆ. ಮೂರನೆಯದಾದರೂ ಉಳಿಯಲಿ ಅಂತ ಹಿರೇಗುಂಟನೂರಿನ ನಮ್ಮಜ್ಜಿ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೊರದಲ್ಲಿ ಎತ್ತಿಕೊಂಡು ಬಂದು ಈ ಹೆಸರಿಟ್ಟಳು. ನಂಜಿಗೆ ಹೆದರಿ ತಿಪ್ಪೆಗೆ ಹಾಕಿದ ಆ ಕೂಸೇ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ, ಒಬ್ಬರ ನಂಜು ಇನ್ನೊಬ್ಬರಿಗೆ ಹತ್ತದಂತೆ ಕಾಯುವ ಕೆಲಸ ಮಾಡಿತು.

ಈಗ ನಿವೃತ್ತಿಯಾಗಿ ದುರ್ಗದಲ್ಲಿ ಮನೆ ಹಿಡಿದಿದ್ದೇನೆ. ನನ್ನ ತಂಗಿಯ ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರುತ್ತಿದ್ದಾಳೆ. ಅವಳೂ ಅವಳ ಗೆಳತಿಯರೂ ಬಂದು "ದೊಡ್ಡಮ್ಮ, ನಿಮ್ಮ ಅನುಭವ ಬರ್ಕೊಡ್ರಿ" ಅಂದರು. ಬಡ್ತಿ, ಶಾಲು, ಹಾರದ ಸುದ್ದಿ ಅವರಿಗೆ ಬೇಕಾಗಿಲ್ಲ, ನನಗೂ ಬೇಡ. ನಾನು ಬರೆಯುವುದು ನನ್ನ ಹೊಟ್ಟೆಕಿಚ್ಚಿನ ಬಗ್ಗೆ. ಆಸ್ಪತ್ರೆಯಲ್ಲಿ ನಂಜು ಯಾವ ಯಾವ ದಾರಿಯಲ್ಲಿ ಹರಡುತ್ತದೆ ಅಂತ ನಿಮ್ಮ ಪುಸ್ತಕದಲ್ಲಿ ಇದೆಯಲ್ಲ, ಕೈ, ಗಾಳಿ, ನೀರು, ಸಲಕರಣೆ ಅಂತ, ಆ ಪಟ್ಟಿಯಲ್ಲಿ ಹೊಟ್ಟೆಕಿಚ್ಚು ಇಲ್ಲ. ನನ್ನ ವಾರ್ಡಿನಲ್ಲಿ ಹರಡಿದ್ದು ಅದರ ಕೈ ಹಿಡಿದುಕೊಂಡೇ.

ಮೊದಲ ಕೆಲಸ ಹೊಳಲ್ಕೆರೆಯಲ್ಲಿ. ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುತ್ತಿದ್ದ ಕಾಲ ಅದು. ಗ್ಲೌಸ್ ಹರಿದರೆ ಎಸೆಯುವಂತಿರಲಿಲ್ಲ. ತೊಳೆದು, ಒಣಗಿಸಿ, ತೂತಿಗೆ ಹಳೇ ಗ್ಲೌಸಿನ ಚೂರು ತೇಪೆ ಹಾಕಿ, ಪೌಡರ್ ಹಚ್ಚಿ ಮತ್ತೆ ಇಡುತ್ತಿದ್ದೆವು. ಅಲ್ಲಿಯ ಹಿರಿಯ ಸಿಸ್ಟರ್ ಬೆಳಿಗ್ಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಮೂಸಿ ನೋಡುತ್ತಿದ್ದರು. ಬೆಳಗಿನ ತಿಂಡಿಯ ಒಗ್ಗರಣೆ ವಾಸನೆ ಬಂದರೆ "ಹೋಗಿ ತೊಳ್ಕಂಡು ಬಾ, ರೋಗಿಗೇನು ಉಪ್ಪಿಟ್ಟು ಬಡಿಸ್ತೀಯಾ?" ಅನ್ನುತ್ತಿದ್ದರು. ಅವರು ಕಲಿಸಿದ್ದರಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಟ್ರಾಲಿಯ ಮೇಲೆ ಒಂದು ಎತ್ತರದ ಜಾಡಿ ಇರುತ್ತಿತ್ತು. ಅದರ ತುಂಬ ಕ್ರಿಮಿ ಕೊಲ್ಲುವ ಲೋಷನ್, ಅದರೊಳಗೆ ನಿಲ್ಲಿಸಿದ ಉದ್ದನೆಯ ಇಕ್ಕಳ. ಕುದಿಸಿಟ್ಟ ಹತ್ತಿ, ಬಟ್ಟೆಗಳನ್ನು ಕೈಯಲ್ಲಿ ಮುಟ್ಟದೆ ಆ ಇಕ್ಕಳದಲ್ಲೇ ತೆಗೆಯಬೇಕು. ಜಾಡಿಯನ್ನು ದಿನಾ ಬೆಳಿಗ್ಗೆ ಖಾಲಿ ಮಾಡಿ, ತೊಳೆದು, ಕುದಿಸಿ, ಹೊಸ ಲೋಷನ್ ತುಂಬಬೇಕು. ಇದು ಅವರ ನಿಯಮ.

ಆದರೆ ಮುಂದೆ ಲೋಷನ್ ಸರಿಯಾಗಿ ಬರದ ದಿನಗಳು ಬಂದವು. ಇದ್ದದ್ದನ್ನು ಚೆಲ್ಲುವ ಧೈರ್ಯ ಯಾರಿಗಿದೆ? ಕಡಿಮೆಯಾದಷ್ಟನ್ನು ಮೇಲೆ ಸುರಿದು ತುಂಬಿಸುತ್ತಾ ಬಂದೆವು. ಮತ್ತೆ ಲೋಷನ್ ಬೇಕಾದಷ್ಟು ಬರತೊಡಗಿದಾಗಲೂ ಆ ಚಾಳಿ ಬಿಡಲಿಲ್ಲ. ಬಿಡುವುದಿರಲಿ, ಅದೇ ನನ್ನ ಹೆಮ್ಮೆಯಾಯಿತು. ತಿಪ್ಪಮ್ಮ ಸಿಸ್ಟರ್ ವಾರ್ಡಿನ ಜಾಡಿ ಎಂದೂ ಬತ್ತುವುದಿಲ್ಲ ಅಂತ ಹೆಸರಾಯಿತು. ಆ ಹೆಸರು ಕೇಳಿ ನಾನು ಉಬ್ಬಿದೆ.

ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ದುರ್ಗ, ಎಲ್ಲ ಕಡೆಯೂ ನಾನು ದುಡಿದಿದ್ದೇನೆ. ಮುಂದಿನದು ನಡೆದ ಆಸ್ಪತ್ರೆ ಯಾವುದು ಅಂತ ಮಾತ್ರ ಹೇಳುವುದಿಲ್ಲ. ಅಲ್ಲಿ ಈಗ ಬೇರೆ ಮಕ್ಕಳು ಕೆಲಸ ಮಾಡುತ್ತಿದ್ದಾರೆ, ನನ್ನ ತಪ್ಪಿಗೆ ಅವರು ತಲೆ ತಗ್ಗಿಸಬಾರದು. ನಾನು ಅಲ್ಲಿ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಆಗಿದ್ದಾಗ ನಸೀಮಾ ಬಂದಳು.

ನಸೀಮಾ ದುರ್ಗದ ಹಳೇ ಪೇಟೆಯ ಹುಡುಗಿ. ಅವರಪ್ಪ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರು. ಅವಳ ಕೈ ನೋಡಿದ ದಿನವೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು, ಸುಳ್ಳು ಯಾಕೆ ಹೇಳಲಿ. ಸಣ್ಣ ಕೈ, ಕತ್ತರಿಸಿದ ಉಗುರು, ಒಂದು ಬಳೆಯಿಲ್ಲ. ಅವಳು ಕೈ ತೊಳೆಯುವುದನ್ನು ನೋಡಲು ಆಯಾಗಳು ನಿಲ್ಲುತ್ತಿದ್ದರು. ಹೆಬ್ಬೆರಳ ಬುಡ, ಬೆರಳ ಸಂದು, ಉಗುರ ತುದಿ, ಒಂದನ್ನೂ ಬಿಡುತ್ತಿರಲಿಲ್ಲ, ಅವಸರವನ್ನೂ ಮಾಡುತ್ತಿರಲಿಲ್ಲ. ನಾನು ಇಪ್ಪತ್ತು ವರ್ಷ ಮಾಡಿದ್ದನ್ನೇ ಅವಳು ಮಾಡುತ್ತಿದ್ದಳು. ಆದರೆ ನನ್ನನ್ನು ಯಾರೂ ನಿಂತು ನೋಡಿರಲಿಲ್ಲ.

ಅದಕ್ಕಿಂತ ಹೆಚ್ಚು ಉರಿದದ್ದು ಜನ ಅವಳ ಮಾತು ಕೇಳುತ್ತಿದ್ದುದಕ್ಕೆ. ಒಮ್ಮೆ ಒಬ್ಬ ಬಾಣಂತಿಯ ತಾಯಿ ಹಾಲುರಾಮೇಶ್ವರದಿಂದ ಬಾಟಲಿಯಲ್ಲಿ ತೀರ್ಥ ತಂದು ಕೂಸಿನ ಹೊಕ್ಕುಳಿಗೆ ಹಚ್ಚಲು ಹೊರಟಿದ್ದಳು. ಇಬ್ಬರು ಅಕ್ಕಂದಿರನ್ನು ಹೊಕ್ಕುಳ ನಂಜಿಗೆ ಕಳೆದುಕೊಂಡವಳು ನಾನು. ಕೂಗಾಡಿಬಿಟ್ಟೆ. ಅವಳು ಹೂಂ ಅಂದು ಬಾಟಲಿಯನ್ನು ಸೆರಗಲ್ಲಿ ಬಚ್ಚಿಟ್ಟುಕೊಂಡಳು. ನಾನು ಆ ಕಡೆ ತಿರುಗುವುದನ್ನೇ ಕಾಯುತ್ತಿದ್ದಾಳೆ ಅಂತ ಮುಖದಲ್ಲೇ ಬರೆದಿತ್ತು. ನಸೀಮಾ ಹೋಗಿ ಮಂಚದ ತುದಿಗೆ ಕೂತಳು.

"ಅವ್ವಾ, ದೇವರ ನೀರು ತಲೆ ಮ್ಯಾಲೆ ಹಾಕ್ಕಂತಾರೋ ಹೊಟ್ಟೆ ಮ್ಯಾಲೆ ಹಾಕ್ಕಂತಾರೋ?"

"ತಲಿ ಮ್ಯಾಲೆ."

"ಮತ್ತೆ ಕೂಸಿಗೂ ತಲೆ ಮ್ಯಾಲೇ ಒಂದು ಹನಿ ಹಾಕ್ರಿ. ಹೊಕ್ಕುಳು ಹಸಿ ಗಾಯ, ಒಣಗಿರ್ಬೇಕು."

ತಾಯಿ ನಕ್ಕು ಒಂದು ಹನಿ ಕೂಸಿನ ನೆತ್ತಿಗೆ ಮುಟ್ಟಿಸಿ, ಉಳಿದದ್ದನ್ನು ಮಗಳ ತಲೆಗೆ ತಟ್ಟಿದಳು. ಕೂಸು ಚೆನ್ನಾಗಿ ಉಳಿಯಿತು. ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಸೀಮಾ ನನ್ನ ಜಾಡಿಯ ಲೋಷನ್ನನ್ನು ಮೋರಿಗೆ ಚೆಲ್ಲುತ್ತಿರುವುದನ್ನು ಕಂಡೆ. ತುಂಬಿದ ಜಾಡಿ!

"ಏನು ಮಾಡ್ತಿದೀಯಾ? ಲೋಷನ್ ನಿಮ್ಮಪ್ಪನ ಮನೆಯಿಂದ ತರ್ತೀಯಾ?" ಅಂದೆ.

"ದಿನಾ ಚೆಲ್ಲಿ ತುಂಬ್ತೀನಕ್ಕ. ಹಳೇ ಕಲಾಯಿ ಮ್ಯಾಲೆ ಹೊಸಾ ಕಲಾಯಿ ಹಾಕಿದ್ರೆ ಹೊಳೀತೈತೆ, ನಿಲ್ಲಲ್ಲ ಅಂತಿದ್ರು ನಮ್ಮಪ್ಪ. ಮೊದ್ಲು ಹಳೇದು ಪೂರಾ ತೆಗೀಬೇಕು."

ಅದು ನನ್ನ ಹೊಳಲ್ಕೆರೆಯ ಸಿಸ್ಟರ್ ಹೇಳಿದ ಮಾತೇ. ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾದದ್ದಕ್ಕೇ ಸಿಟ್ಟು ನೆತ್ತಿಗೇರಿತು. ಆಯಾಗಳೆಲ್ಲ ಕೇಳುವಂತೆ ಹೇಳಿದೆ: "ಇದು ಕಲಾಯಿ ಅಂಗಡಿ ಅಲ್ಲ, ನನ್ನ ವಾರ್ಡು. ಇವತ್ತಿಂದ ಈ ಜಾಡಿನ ನಾನೊಬ್ಬಳೇ ಮುಟ್ಟೋದು. ಬೇರೆ ಯಾರೂ ಕೈ ಹಚ್ಚಂಗಿಲ್ಲ."

"ಆಯ್ತಕ್ಕ" ಅಂದಳು. ಅಂದಿನಿಂದ ಜಾಡಿಯ ಕಡೆ ಅವಳು ಹೋಗಲಿಲ್ಲ. ನಾನು ದಿನಾ ಮೇಲಿಂದ ಸುರಿದು ತುಂಬಿಸಿದೆ. ಕಂಠಮಟ್ಟ ಇರುತ್ತಿತ್ತು, ಹೊಳೆಯುತ್ತಿತ್ತು.

ಮೂರು ನಾಲ್ಕು ವಾರ ಕಳೆದಿರಬೇಕು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಿಂದ ಕರಿಯಮ್ಮ ಅನ್ನುವ ಹುಡುಗಿ ಚೊಚ್ಚಲ ಹೆರಿಗೆಗೆ ಬಂದಳು. ಕುರಿ ಸಾಕುವ ಮನೆಯವರು. ಸಿಸೇರಿಯನ್ ಆಯಿತು, ಗಂಡು ಕೂಸು. ಜೊತೆಗೆ ಅತ್ತೆ ಈರಜ್ಜಿ ಬಂದಿದ್ದಳು, ಬಗಲಲ್ಲಿ ಒಂದು ಕರಿ ಕಂಬಳಿ. ಅವಳ ಅತ್ತೆಯ ಕಾಲದ್ದಂತೆ. ಮದುವೆಗೆ ಗದ್ದುಗೆ ಹಾಸುವುದು ಅದರ ಮೇಲೆಯೇ, ದೇವರ ಕಾರ್ಯಕ್ಕೂ ಅದೇ. ಕಂಬಳಿಗೆ ಮೈಲಿಗೆ ಇಲ್ಲ, ಅದನ್ನು ಒಗೆಯಬೇಕಾಗಿಲ್ಲ ಅನ್ನುವುದು ಅವರ ನಂಬಿಕೆ. ಸೊಸೆಯನ್ನು ಅದರ ಮೇಲೆಯೇ ಮಲಗಿಸಬೇಕು ಅಂತ ಹಟ ಹಿಡಿದಳು. ನಾನು ಹೊರಗೆ ಇಡಿಸಿದೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಂಬಳಿ ಮಂಚದ ಮೇಲಿತ್ತು. ಅದರ ಮೇಲೆ ಕುದಿಸಿ ಒಣಗಿಸಿದ ಎರಡು ಮಡಿಕೆಯ ಹತ್ತಿ ಸೀರೆ ಹಾಸಿತ್ತು. ನಸೀಮಾ ಅಜ್ಜಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದಳು: ಕಂಬಳಿ ಕೆಳಗೆ, ಸೀರೆ ಮೇಲೆ, ಸೀರೆ ದಿನಾ ಬದಲಾಗಬೇಕು.

ಐದನೇ ದಿನ ಕರಿಯಮ್ಮನ ಹೊಲಿಗೆಯಲ್ಲಿ ಕೀವು ಕಾಣಿಸಿತು. ಹಸಿರು ಬಣ್ಣದ ಕೀವು, ಒಂಥರಾ ಸಿಹಿ ಕಮಟು ವಾಸನೆ. ಜ್ವರ ಏರಿತು. ಏಳನೇ ದಿನ ಹೊಲಿಗೆ ಬಿಟ್ಟುಕೊಂಡಿತು. ಹುಡುಗಿ ಹಲ್ಲು ಕಚ್ಚಿಕೊಂಡು ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂಸು ಹಾಲಿಗೆ ಅಳುತ್ತಿತ್ತು, ಎದೆಗೆ ಹಾಕಿಕೊಳ್ಳಲು ಇವಳಿಗೆ ತ್ರಾಣವಿಲ್ಲ.

ನಮ್ಮ ಡಾಕ್ಟರ್ ಮೇಡಂ, ಹೆರಿಗೆ ವಿಭಾಗದ ಮುಖ್ಯಸ್ಥೆ, ನನ್ನನ್ನು ಕರೆದು ಕೇಳಿದರು. ನನಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುತ್ತಿತ್ತೇ? "ಕಂಬಳಿ ಮೇಡಂ. ಕುರಿ ಹಟ್ಟಿ ಕಂಬಳಿ. ನಾನು ಬೇಡ ಅಂದಿದ್ದೆ, ನಸೀಮಾನೇ ಒಳಗೆ ಬಿಟ್ಟಳು" ಅಂದೆ. ಮೇಡಂ ವಾರ್ಡಿಗೆ ಬಂದು ಎಲ್ಲರೆದುರು ಕಂಬಳಿ ಎಳೆಸಿ ಹಾಕಿದರು. ನಸೀಮಾಳನ್ನು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು. ಈರಜ್ಜಿ ಕಂಬಳಿ ಮಡಿಚಿಕೊಂಡು ಬಾಗಿಲ ಹೊರಗೆ ಕೂತಳು. ಅವತ್ತು ಮನೆಗೆ ಹೋಗಿ ನಾನು ಹೊಟ್ಟೆತುಂಬ ಉಂಡೆ.

ಮರುವಾರ ಇನ್ನಿಬ್ಬರು ಬಾಣಂತಿಯರ ಹೊಲಿಗೆಯಲ್ಲಿ ಅದೇ ಹಸಿರು ಕೀವು. ಅವರಿಬ್ಬರೂ ಪೇಟೆಯವರು, ಕಂಬಳಿಯ ಸುದ್ದಿಯೇ ಇಲ್ಲ. ಮೇಡಂ ಆಗ ಕಂಬಳಿ, ನಲ್ಲಿ, ಟ್ರಾಲಿ, ಸೋಪಿನ ಡಬ್ಬಿ ಎಲ್ಲದರಿಂದ ಮಾದರಿ ತೆಗೆಸಿ ಪರೀಕ್ಷೆಗೆ ಕಳಿಸಿದರು. ನನ್ನ ಜಾಡಿಯಿಂದಲೂ ತೆಗೆಸಿದರು. ಅದನ್ನು ಸೇರಿಸಿ ಅಂತ ಇಂಜೆಕ್ಷನ್ ಕೋಣೆಯಿಂದ ಬಂದು ಹೇಳಿದವಳು ನಸೀಮಾ ಅಂತ ಆಮೇಲೆ ತಿಳಿಯಿತು.

ವರದಿ ನನ್ನ ಕೈಗೇ ಬಂತು. ಕಂಬಳಿಯಲ್ಲಿ ಆ ಕ್ರಿಮಿ ಇಲ್ಲ. ನಲ್ಲಿಯಲ್ಲಿ ಇಲ್ಲ. ಜಾಡಿಯಲ್ಲಿ ತುಂಬಿ ತುಳುಕುತ್ತಿತ್ತು. ದಿನಾ ಮೇಲೆ ಸುರಿದ ಹೊಸ ಲೋಷನ್ ಕೆಳಗಿನ ಹಳೆಯದರಲ್ಲಿ ಕಲಸಿ ಕಸುವು ಕಳೆದುಕೊಂಡಿತ್ತು. ಆ ತೆಳು ನೀರಲ್ಲೇ ಬದುಕಲು ಕಲಿತ ಕ್ರಿಮಿಯನ್ನು ನಾನು ಇಕ್ಕಳದಲ್ಲಿ ಎತ್ತಿ ಎತ್ತಿ ಗಾಯಗಳಿಗೆ ಹಂಚಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿದರು ಅನ್ನುತ್ತಾರಲ್ಲ, ನನಗಂತಲೇ ಹುಟ್ಟಿದ ಗಾದೆ. ಆ ಕಾಗದವನ್ನು ಒಂದು ದಿನ ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡೆ. ಯಾರೂ ಇಲ್ಲದಾಗ ಜಾಡಿ ಚೆಲ್ಲಿ, ಕುದಿಸಿ, ಹೊಸದಾಗಿ ತುಂಬಿದೆ. ಮರುದಿನ ಕಾಗದ ಕೊಟ್ಟೆ.

ಮೇಡಂ ಎಲ್ಲರನ್ನೂ ಸೇರಿಸಿ ಕೇಳಿದರು: "ಈ ಜಾಡಿ ಯಾರ ಜವಾಬ್ದಾರಿ?"

"ಮೂರು ಪಾಳಿಯವರೂ ಬಳಸ್ತೀವಿ ಮೇಡಂ. ಎಲ್ಲರದೂ" ಅಂದೆ.

ಆಯಾಗಳು ನೆಲ ನೋಡಿದರು. ನಸೀಮಾ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳ ಆಡಿಯಾದರೂ ಹಗುರಾಗುತ್ತಿದ್ದೆ. ಅವಳನ್ನು ಮತ್ತೆ ವಾರ್ಡಿಗೆ ಹಾಕಿದರು. ಜಾಡಿ ಪದ್ಧತಿಯನ್ನೇ ತೆಗೆದು, ಒಬ್ಬೊಬ್ಬ ರೋಗಿಗೆ ಒಂದೊಂದು ಪ್ಯಾಕೆಟ್ಟಿನಲ್ಲಿ ಇಕ್ಕಳ, ಹತ್ತಿ ಕಟ್ಟಿ ಕುದಿಹಬೆಯಲ್ಲಿ ಶುದ್ಧಮಾಡಿ ಕೊಡುವ ಕ್ರಮ ಬಂತು. ಅದರ ಉಸ್ತುವಾರಿ ಅವಳಿಗೇ ಸಿಕ್ಕಿತು.

ಕರಿಯಮ್ಮನಿಗೆ ಎರಡನೇ ಸಲ ಹೊಲಿಗೆ ಹಾಕಿ ಊರಿಗೆ ಕಳಿಸಿದರು. ಲಸಿಕೆಯ ಜೀಪು ಆ ಕಡೆ ಹೋಗುವಾಗ ನಾನೂ ನಸೀಮಾಳೂ ಹೋಗಿ ಗಾಯ ನೋಡಿ ಬರಬೇಕು ಅಂತ ಮೇಡಂ ಹೇಳಿದರು. ಹರಿಯಬ್ಬೆಯ ಮನೆ ಮುಂದೆ ಇಳಿದಾಗ ನನಗೆ ಮೊದಲು ಕಂಡದ್ದು ಆ ಕಂಬಳಿ. ಕುರಿ ಹಟ್ಟಿಯ ಜಾಲಿ ಮುಳ್ಳಿನ ಬೇಲಿಯ ಮೇಲೆ ಬಿಸಿಲಲ್ಲಿ ಬಿದ್ದಿತ್ತು. ಒಳಗೆ ಕರಿಯಮ್ಮ ಕೂಸಿಗೆ ಹಾಲು ಕೊಡುತ್ತಿದ್ದಳು. ಗಾಯ ಒಣಗುತ್ತಿತ್ತು. ಈರಜ್ಜಿ ನಮಗೆ ಗೋಣಿಚೀಲ ಹಾಸಿದಳು.

"ಯಾಕಜ್ಜಿ, ಕಂಬಳಿ ಹೊರಗೈತೆ?" ನಸೀಮಾ ಕೇಳಿದಳು.

"ಇನ್ನೇನು ಮಾಡ್ಲವ್ವ. ನಮ್ ಕಂಬಳಿಯಿಂದ ಸೊಸಿ ಹೊಟ್ಟಿ ಕೀವಾತು ಅಂದ್ರಲ್ಲ ಈ ತಾಯಿ. ಮೊಮ್ಮಗನ ಹೆಸರಿಡಾಕೂ ಹಾಸಲಿಲ್ಲ ಅದನ್ನ. ನಮ್ಮತ್ತಿ ಕೊಟ್ಟಿದ್ದು. ಸುಡಾಕೆ ಕೈ ಬರಲಿಲ್ಲ, ಅಲ್ಲಿ ಹಾಕೀನಿ."

ನನ್ನ ಬಾಯಿಗೆ ಮಾತು ಬಂದಿತ್ತು. ನಾಲಿಗೆ ಏಳಲಿಲ್ಲ. ನಸೀಮಾ ನನ್ನತ್ತ ನೋಡಿದಳು, ಕಾದಳು. ಆಮೇಲೆ ತಾನೇ ಎದ್ದು ಬೇಲಿಯಿಂದ ಕಂಬಳಿ ಬಿಡಿಸಿ ತಂದಳು.

"ಕಂಬಳಿದು ತಪ್ಪಿಲ್ಲಜ್ಜಿ. ಪರೀಕ್ಷೆ ಮಾಡಿಸೀವಿ. ತಪ್ಪು ನಮ್ಮ ಕಡೆದು."

ಈರಜ್ಜಿ ಕಂಬಳಿಯನ್ನು ಎದೆಗೊತ್ತಿಕೊಂಡು ಅವಳ ಕೆನ್ನೆ ಸವರಿ, ದೃಷ್ಟಿ ತಾಗದಿರಲಿ ಅಂತ ಲಟಿಕೆ ತೆಗೆದಳು. ನಮ್ಮ ಕಡೆದು ಅಂದಳಲ್ಲ ನಸೀಮಾ, ನನ್ನ ಹೆಸರು ಹೇಳಲಿಲ್ಲ. ನನ್ನ ತಪ್ಪಿನ ಅರ್ಧ ಹೊತ್ತಳು. ಜೀಪಿನಲ್ಲಿ ವಾಪಸ್ ಬರುವಾಗ ನನಗೆ ಕೃತಜ್ಞತೆ ಬರಲಿಲ್ಲ ಮಕ್ಕಳೇ. ಆ ಲಟಿಕೆ ಅವಳಿಗೆ ಸಿಕ್ಕಿತಲ್ಲ ಅಂತ ಉರಿಯಿತು.

ವರ್ಷಗಳು ಹೋದವು. ಕಸಕ್ಕೆ ಬಣ್ಣ ಬಣ್ಣದ ಬುಟ್ಟಿಗಳು ಬಂದವು, ಮಂಚಕ್ಕೊಂದು ಕೈಗೆ ಹಚ್ಚುವ ದ್ರಾವಣದ ಬಾಟಲಿ ಬಂತು. ಕೊರೊನಾ ಬಂದಾಗ ಊರಿಗೆ ಊರೇ ಕೈ ತೊಳೆಯುವುದನ್ನು ಕಲಿತಿತು, ಹೋದ ಮೇಲೆ ಮರೆತಿತು. ಆಸ್ಪತ್ರೆಯ ನಂಜು ತಡೆಯಲೆಂದೇ ಒಬ್ಬ ನರ್ಸ್ ಬೇಕು ಅಂತ ಆದಾಗ ನಸೀಮಾಳನ್ನು ಆರಿಸಿದರು. ನಾನು ಶಾಲು ಹೊದಿಸಿಕೊಂಡು ಮನೆಗೆ ಬಂದೆ.

ಹೋದ ವರ್ಷ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಹಾಸಿಗೆ ಹಿಡಿದಿದ್ದಾರೆ, ಮೂತ್ರಕ್ಕೆ ನಳಿಕೆ ಹಾಕಿದೆ. ಆ ನಳಿಕೆ ಬದಲಿಸಲು ಬರುವವಳು ಯಾರು ಅಂತ ಕೇಳಬೇಡಿ. ಅವಳ ಮನೆ ನಮ್ಮಿಂದ ಎರಡು ಬೀದಿ ಆಚೆ. ರಜೆಯ ದಿನ ಬರುತ್ತಾಳೆ. ಅವಳು ಕೈ ತೊಳೆಯುವಾಗ ನಾನು ಗೋಡೆ ಗಡಿಯಾರ ನೋಡುತ್ತಾ ನಿಲ್ಲುತ್ತೇನೆ. ಒಂದು ದಿನ, ಒಂದೇ ಒಂದು ದಿನ ಕಡಿಮೆ ತೊಳೆಯಲಿ ಅಂತ ಕಾದಿದ್ದೇನೆ. ಗಂಡನ ಮೈಯ ಮೇಲೆ ಇಂಥ ಆಸೆ ಇಟ್ಟುಕೊಂಡ ಹೆಂಗಸು ನಾನು.

ಹೋದ ತಿಂಗಳು ಅವಳು ಬಂದಾಗ ನೆಂಟರು ಬಂದುಹೋಗಿದ್ದರು. ಅವರ ಕಣ್ಣಿಗೆ ಬೀಳಬಾರದು ಅಂತ ನಾನು ಮೂತ್ರದ ಚೀಲವನ್ನು ಮಂಚದ ಮೇಲಿಟ್ಟು ದುಪ್ಪಟಿ ಮುಚ್ಚಿದ್ದೆ. ನಸೀಮಾ ದುಪ್ಪಟಿ ಸರಿಸಿ, ಚೀಲವನ್ನು ಕೆಳಗೆ ಮಂಚದ ಕಾಲಿಗೆ ನೇತುಹಾಕಿದಳು, ನೆಲಕ್ಕೆ ತಾಗದಂತೆ.

"ಚೀಲ ಮೇಲಿದ್ರೆ ಮೂತ್ರ ವಾಪಸ್ ಒಳಗೆ ಹೋಗಿ ನಂಜಾಗ್ತೈತೆ ಅಂತ ನೀವೇ ಎಲ್ರಿಗೂ ಹೇಳ್ತಿದ್ರಲ್ಲಕ್ಕ."

"ಈಗ ತಾನೆ ಇಟ್ಟಿದ್ದು. ನೆಂಟರು ಬಂದಿದ್ರು. ಮಂಚ ಬೇರೆ ಕುಳ್ಳಗೈತೆ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅವಳು ಕೈ ತೊಳೆದು ಗ್ಲೌಸ್ ಹಾಕಿಕೊಂಡು ನಳಿಕೆಗೆ ಕೈ ಚಾಚಬೇಕು, ಅಷ್ಟರಲ್ಲಿ ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಅಭ್ಯಾಸಬಲ, ತೆಗೆದು ಆರಿಸಿ ಒಳಗಿಟ್ಟಳು. ನನ್ನ ಜೀವ ಕುಣಿಯಿತು.

"ಫೋನ್ ಮುಟ್ದೆ ನೀನು! ಗ್ಲೌಸ್ ಕೈಯಲ್ಲಿ!"

ನಸೀಮಾ ತನ್ನ ಕೈ ನೋಡಿಕೊಂಡಳು. "ಹೌದಲ್ಲಕ್ಕ! ತಪ್ಪಾತು. ನೋಡಿ ಹೇಳಿದ್ದು ಒಳ್ಳೇದಾತು" ಅಂದಳು. ಗ್ಲೌಸ್ ಬಿಚ್ಚಿ ಹಾಕಿ, ಬಚ್ಚಲಿಗೆ ಹೋಗಿ ಮೊದಲಿನಿಂದ ಕೈ ತೊಳೆಯತೊಡಗಿದಳು. ಮುಖದಲ್ಲಿ ಬೇಸರವಿಲ್ಲ, ನಾಚಿಕೆಯಿಲ್ಲ, ನೆಲ ಡೊಂಕಿಲ್ಲ.

ನಾನು ಬಾಗಿಲಲ್ಲಿ ನಿಂತೆ. ಇಷ್ಟು ವರ್ಷ ನಾನು ಅಸೂಯೆಪಟ್ಟದ್ದು ಅವಳ ಕೈಯ ಮೇಲೆ ಅಂದುಕೊಂಡಿದ್ದೆ. ಕೈ ನನಗೂ ಇತ್ತು. ತಪ್ಪಾತು ಅನ್ನುವ ಆ ಒಂದು ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು. ನನಗೆ ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದು ಸಲವೂ ಬಂದಿರಲಿಲ್ಲ.

"ನಸೀಮಾ, ಆ ಜಾಡಿ ನಂದೊಬ್ಬಳದೇ ಆಗಿತ್ತು" ಅಂದೆ.

ಅವಳು ಉಗುರ ತುದಿ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಂಗೆ ಯಾಕ್ ಹೇಳ್ತೀರಕ್ಕ, ನಂಗೆ ಗೊತ್ತೇ ಐತೆ. ಹರಿಯಬ್ಬೆಗೆ ಹೋಗಿ ಹೇಳ್ರಿ. ಅಜ್ಜಿ ಇನ್ನೂ ಗಟ್ಟಿ ಐತೆ."

ಮುಂದಿನ ರಜೆಗೆ ಯಜಮಾನರ ಹತ್ತಿರ ಅವಳನ್ನೇ ಕೂರಿಸಿ ನಾನು ಬಸ್ಸು ಹತ್ತಿದೆ. ಹರಿಯಬ್ಬೆಯ ಆ ಮನೆಗೆ ಈಗ ತಾರಸಿ ಬಂದಿದೆ. ಈರಜ್ಜಿ ಕಟ್ಟೆಯ ಮೇಲೆ ಕೂತಿದ್ದಳು, ಸೊಂಟ ಬಾಗಿದೆ, ಕಣ್ಣು ಚುರುಕಾಗಿದೆ. ಗುರುತು ಹಿಡಿದಳು. ಒಳಗೆ ಹೋಗಿ ಕಂಬಳಿ ತಂದು ಹಾಸಿದಳು.

"ಕುಂತ್ಕಳ್ರಿ ತಾಯಿ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಸೊಸೆಯ ಹೊಟ್ಟೆ ಕೀವಾದದ್ದು ನನ್ನ ಕೈಯಿಂದ, ನಾನು ಚೆಲ್ಲದ ಜಾಡಿಯಿಂದ, ಗೊತ್ತಿದ್ದೂ ಇಲ್ಲಿ ಬಂದು ಬಾಯಿ ಮುಚ್ಚಿಕೊಂಡು ಕೂತಿದ್ದೆ, ತಪ್ಪಾಯಿತು ಅಂತ. ಕರಿಯಮ್ಮ ಬಾಗಿಲಲ್ಲಿ ನಿಂತು ಕೇಳಿದಳು, ಸೆರಗಿನ ಮೇಲಿಂದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಮಳೆಗಾಲಕ್ಕೆ ಈಗಲೂ ಆ ಗಾಯದ ಜಾಗ ಎಳೆಯುತ್ತದೆ ಅಂತಷ್ಟೇ ಹೇಳಿದಳು. ಅದನ್ನು ನಾನು ಕೇಳಿಸಿಕೊಳ್ಳಬೇಕಿತ್ತು.

ಈರಜ್ಜಿ ಕಂಬಳಿಯ ಸುಕ್ಕು ಬಿಡಿಸಿದಳು. "ಇಷ್ಟು ಹೇಳಾಕೆ ಇಷ್ಟು ವರ್ಸ ಬೇಕಾತೇನವ್ವ?" ಅಂದಳು. ಆಮೇಲೆ ಕೈ ಹಿಡಿದು ಎಳೆದು ಕಂಬಳಿಯ ಮೇಲೆ ಕೂರಿಸಿಕೊಂಡಳು. ಒರಟು ಉಣ್ಣೆ, ಕಾಲಿಗೆ ಚುಚ್ಚಿತು. ನಾನು ಅಳುತ್ತಿದ್ದೆ. ಅವಳು ನನ್ನ ಬೆನ್ನು ಸವರುತ್ತಾ, ದಾರಿಯ ಕಡೆ ಕಣ್ಣು ಹಾಯಿಸಿ ಕೇಳಿದಳು:

"ಆ ನಸೀಮವ್ವ ಬರ್ಲಿಲ್ಲೇನು?"

ಆಗಲೂ ಹಳೇ ಕಿಚ್ಚಿನ ಒಂದು ಕಿಡಿ ಹಾರಿತು. "ಇಲ್ಲಜ್ಜಿ" ಅಂದೆ, "ನಾನೊಬ್ಬಳೇ ಬಂದೆ."